ರೇಸ್ ಟ್ರ್ಯಾಕ್‌ನಲ್ಲಿ ಬ್ರೇಕ್: ಒತ್ತುವ ಬಗೆ, ಬಿಡುವ ಬಗೆ

ಗ್ರೇಟರ್ ನೋಯ್ಡಾದ ಬುದ್ಧ ಇಂಟರ್‌ನ್ಯಾಷನಲ್ ಸರ್ಕ್ಯೂಟ್‌ನಲ್ಲಿ ಮೂರನೆಯ ತಿರುವನ್ನು ದಾಟಿದ ಮೇಲೆ ಒಂದು ಕಿಲೋಮೀಟರ್‌ಗಿಂತ ತುಸು ಹೆಚ್ಚು ಉದ್ದದ ನೇರ ಹಾದಿ ಸಿಗುತ್ತದೆ. ಅದರ ಕೊನೆಗೆ ಬಲಕ್ಕೆ ಹೊರಳುವ ನಾಲ್ಕನೆಯ ತಿರುವಿದೆ. ಚಾಲಕನೂ ಸೇರಿ ಒಂದೂವರೆ ಟನ್ ತೂಗುವ ಸ್ಪೋರ್ಟ್ಸ್ ಕಾರೊಂದು ಇಂಥ ಹಾದಿಯಲ್ಲಿ ಗಂಟೆಗೆ 200 ಕಿ.ಮೀ. ವೇಗದಿಂದ 80ಕ್ಕೆ ಇಳಿಯಬೇಕೆಂದು ಇಟ್ಟುಕೊಳ್ಳೋಣ. ಟೈರ್‌ಗಳು ಒಂದು ‘ಜಿ’ಯಷ್ಟು, ಅಂದರೆ ಕಾರಿನ ತೂಕಕ್ಕೆ ಸಮನಾದ, ಹಿಡಿತ ಕೊಟ್ಟರೆ ಅದಕ್ಕೆ ಸುಮಾರು 130 ಮೀಟರ್ ದೂರವೂ ಮೂರೂವರೆ ಸೆಕೆಂಡ್ ಸಮಯವೂ ಬೇಕು. ಅಷ್ಟರಲ್ಲಿ ಕಾರು ಕಳೆದುಕೊಳ್ಳುವ ಶಕ್ತಿ ಆರು ಲೀಟರ್ ನೀರನ್ನು ಕುದಿಯುವ ಹಂತಕ್ಕೆ ತರಲು ಸಾಕಾಗುತ್ತದೆ. ಗಾಳಿಯ ತಡೆಗೆ ಹೋಗುವ ಸ್ವಲ್ಪ ಪಾಲನ್ನು ಬಿಟ್ಟರೆ ಉಳಿದ ಶಾಖವೆಲ್ಲ ಚಕ್ರದೊಡನೆ ತಿರುಗುವ ಡಿಸ್ಕ್ ಮತ್ತು ಅದನ್ನು ಅಮುಕಿ ಹಿಡಿಯುವ ಪ್ಯಾಡ್‌ಗಳಿಗೇ ಸೇರುತ್ತದೆ. ಇದೇ ಕಾರನ್ನು ಊರೊಳಗೆ 50 ಕಿ.ಮೀ. ವೇಗದಿಂದ ಪೂರ್ತಿ ನಿಲ್ಲಿಸಿದಾಗ ಹುಟ್ಟುವ ಶಾಖದ ಹದಿಮೂರು ಪಟ್ಟು ಇದು, ಮತ್ತು ಮುಂದಿನ ಸುತ್ತಿನಲ್ಲಿ ಇದೇ ಮತ್ತೆ ಬರುತ್ತದೆ.

ಆದ್ದರಿಂದ ಟ್ರ್ಯಾಕ್‌ನ ಬ್ರೇಕಿಂಗ್ ಮನೆಯಿಂದ ಹೊರಡುವ ಮೊದಲೇ ಆರಂಭವಾಗುತ್ತದೆ. ಮೊದಲು ನೋಡಬೇಕಾದದ್ದು ಪೆಡಲ್ಲಿನ ಒತ್ತಡವನ್ನು ಚಕ್ರಗಳಿಗೆ ಒಯ್ಯುವ ಬ್ರೇಕ್ ಆಯಿಲ್. ಸಾಮಾನ್ಯ ಕಾರುಗಳಲ್ಲಿ ಬಳಸುವ ಆಯಿಲ್ ಗಾಳಿಯ ತೇವವನ್ನು ನಿಧಾನವಾಗಿ ಹೀರಿಕೊಳ್ಳುತ್ತದೆ. ಡಾಟ್ 4 ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ನಿಯಮ. ತೇವ ಹೀರಿದ ಆಯಿಲ್‌ಗೆ ಈ ಮಿತಿ ಕೇವಲ 155. ಡಾಟ್ 5.1ಕ್ಕೆ ಈ ಅಂಕಿಗಳು 260 ಮತ್ತು 180. ಹೆಸರು ಹತ್ತಿರವಿದೆಯೆಂದು ಡಾಟ್ 5 ಅನ್ನು ತಂದು ಸುರಿಯಬಾರದು. ಅದು ಸಿಲಿಕೋನ್ ಆಯಿಲ್, ಉಳಿದವುಗಳ ಜೊತೆ ಬೆರೆಯುವುದಿಲ್ಲ.

ಇದನ್ನು ಒತ್ತಿ ಹೇಳಲು ಕಾರಣವಿದೆ. ಬೆಂಗಳೂರಿನಿಂದ ಬೆಳಗಿನ ಜಾವ ಹೊರಟು ಚೆನ್ನೈ ಹತ್ತಿರದ ಇರುಂಗಾಟ್ಟುಕೋಟ್ಟೈ ಟ್ರ್ಯಾಕ್‌ಗೆ ಹೋಗಿದ್ದ ಒಂದು ದಿನ, ಐದನೆಯ ಸುತ್ತಿನಲ್ಲಿ ನನ್ನ ಪೆಡಲ್ ಅರ್ಧ ದೂರದವರೆಗೆ ಯಾವ ಪ್ರತಿರೋಧವೂ ಇಲ್ಲದೆ ಇಳಿದುಬಿಟ್ಟಿತು. ಹಸಿ ಹಿಟ್ಟನ್ನು ತುಳಿದ ಹಾಗೆ. ಆಯಿಲ್ ಬದಲಿಸಿದ್ದೇವೆ ಎಂದು ಗ್ಯಾರೇಜಿನವರು ಹೇಳಿದ್ದರು. ನಾನು ಡಬ್ಬಿಯ ಮುಚ್ಚಳ ತೆರೆದು ನೋಡಿರಲಿಲ್ಲ. ಆಯಿಲ್ ಕುದಿದು ಪೈಪಿನೊಳಗೆ ಆವಿಯ ಗುಳ್ಳೆ ಕಟ್ಟಿದರೆ ಆಗುವುದು ಹೀಗೆಯೇ: ದ್ರವವನ್ನು ಒತ್ತಿ ಕುಗ್ಗಿಸಲಾಗದು, ಆವಿ ಮಾತ್ರ ಒತ್ತಿದಷ್ಟೂ ಕುಗ್ಗುತ್ತದೆ. ಪೆಡಲ್ಲನ್ನು ಎರಡು ಮೂರು ಸಲ ಬೇಗಬೇಗನೆ ಒತ್ತಿ ಬಿಟ್ಟಾಗ ಒತ್ತಡ ಸ್ವಲ್ಪ ಮರಳಿತು, ಗೇರ್ ಇಳಿಸಿ ತಿರುವಿನ ಹೊರಬದಿಯ ಖಾಲಿ ಜಾಗಕ್ಕೆ ಸರಿದೆ. ಅಂದಿನಿಂದ ಪ್ರತಿ ಟ್ರ್ಯಾಕ್ ದಿನಕ್ಕೂ ಮೊದಲು ಆಯಿಲ್ ಬದಲಿಸುವುದನ್ನು ನಿಂತು ನೋಡುತ್ತೇನೆ.

ಪ್ಯಾಡ್ ಸೋಲುವ ಲಕ್ಷಣ ಬೇರೆ. ಆಗ ಪೆಡಲ್ ಗಟ್ಟಿಯಾಗಿಯೇ ಇರುತ್ತದೆ, ಎಷ್ಟು ಬಲ ಹಾಕಿದರೂ ಕಾರು ಮಾತ್ರ ಹಿಡಿಯುವುದಿಲ್ಲ, ಸುಟ್ಟ ವಾಸನೆಯೂ ಬರುತ್ತದೆ. ರಸ್ತೆಗೆಂದು ಮಾಡಿದ ಪ್ಯಾಡ್ ತನ್ನ ತಾಪಮಾನದ ಮಿತಿ ದಾಟಿತು ಎಂದು ಅದರ ಅರ್ಥ. ಪೆಡಲ್ ಮೆತ್ತಗಾದರೆ ಆಯಿಲ್, ಪೆಡಲ್ ಗಟ್ಟಿಯಿದ್ದೂ ಕಾರು ನಿಲ್ಲದಿದ್ದರೆ ಪ್ಯಾಡ್: ಈ ವ್ಯತ್ಯಾಸ ಕಾಲಿಗೆ ಗೊತ್ತಿರಬೇಕು. ಎರಡರಲ್ಲಿ ಯಾವುದೇ ಆದರೂ, ವೇಗ ತಗ್ಗಿಸಿ ಪಿಟ್‌ಗೆ, ಅಂದರೆ ಟ್ರ್ಯಾಕ್ ಪಕ್ಕದಲ್ಲಿ ಕಾರು ನಿಲ್ಲಿಸುವ ಜಾಗಕ್ಕೆ, ಬರುವುದೊಂದೇ ದಾರಿ. ಶಾಖವನ್ನು ಹೊರಹಾಕುವ ಕೌಶಲಕ್ಕೆ ಎಷ್ಟು ಬೆಲೆಯಿದೆಯೆಂಬುದನ್ನು 1953ರ ಲ ಮಾನ್ಸ್ 24 ಗಂಟೆಗಳ ರೇಸ್ ತೋರಿಸಿಕೊಟ್ಟಿತು. ಅಲ್ಲಿ ಗೆದ್ದ ಜಾಗ್ವಾರ್ ಸಿ-ಟೈಪ್‌ಗೆ ಗಾಳಿಗೆ ತೆರೆದುಕೊಂಡು ಬೇಗ ತಣಿಯುವ ಡಿಸ್ಕ್ ಬ್ರೇಕ್ ಇತ್ತು, ಹಾಗಾಗಿ ಡ್ರಮ್ ಬ್ರೇಕ್‌ನ ಕಾರುಗಳಿಗಿಂತ ತಡವಾಗಿ ಬ್ರೇಕ್ ಹಾಕಿಯೂ ಅದರ ಚಾಲಕರು ತಿರುವಿಗೆ ಸರಿಯಾಗಿ ಇಳಿಯಬಲ್ಲವರಾಗಿದ್ದರು.

ಇನ್ನು ಕಾರಿನೊಳಗೆ. ಪೆಡಲ್ಲನ್ನು ಪೂರ್ತಿ ಒತ್ತಿದಾಗಲೂ ಮೊಣಕಾಲು ಸ್ವಲ್ಪ ಮಡಚಿರುವಷ್ಟು ಸೀಟನ್ನು ಮುಂದೆ ತನ್ನಿ, ಬೆನ್ನು ಸೀಟಿಗೆ ಅಂಟಿರಲಿ. ಕಾಲು ನೆಟ್ಟಗೆ ಚಾಚಿಕೊಂಡರೆ ಒತ್ತಡವನ್ನು ಅಳೆದು ಕೊಡಲಾಗದು. ಎಡಗಾಲನ್ನು ಪಕ್ಕದ ಆಸರೆಗೆ ಊರಿ. ಹಾಗೆ ಮಾಡದವರು ಸ್ಟಿಯರಿಂಗ್ ಹಿಡಿದು ನೇತಾಡುತ್ತಾರೆ, ಆಗ ಸ್ಟಿಯರಿಂಗ್‌ನ ಸೂಕ್ಷ್ಮ ಕೈಗೆ ತಿಳಿಯುವುದಿಲ್ಲ.

ಪೆಡಲ್ಲನ್ನು ಒದೆಯಬೇಡಿ, ಹಿಂಡಿ. ಬ್ರೇಕ್ ಹಿಡಿದಾಗ ಕಾರಿನ ಭಾರ ಮುಂದಕ್ಕೆ ವಾಲುತ್ತದೆ: ಗುರುತ್ವ ಕೇಂದ್ರ ಅರ್ಧ ಮೀಟರ್ ಎತ್ತರದಲ್ಲಿದ್ದು, ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ ಎರಡೂವರೆ ಮೀಟರ್ ಅಂತರವಿರುವ ಆ ಒಂದೂವರೆ ಟನ್ ಕಾರಿನಲ್ಲಿ, ಒಂದು ‘ಜಿ’ ಬ್ರೇಕಿಂಗ್‌ಗೆ ಸುಮಾರು 300 ಕಿಲೋ ಭಾರ ಹಿಂದಿನ ಟೈರ್‌ಗಳಿಂದ ಮುಂದಿನವುಗಳ ಮೇಲೆ ಬೀಳುತ್ತದೆ. ಆ ಭಾರ ಬಂದ ಮೇಲಷ್ಟೇ ಮುಂದಿನ ಟೈರ್‌ಗಳಿಗೆ ಪೂರ್ಣ ಹಿಡಿತ ಬರುತ್ತದೆ. ಭಾರ ಬರುವ ಮೊದಲೇ ಒದ್ದರೆ ಚಕ್ರ ಲಾಕ್ ಆಗಿ ತಿರುಗದೆ ಜಾರುತ್ತದೆ, ಅಥವಾ ಅದನ್ನು ತಡೆಯುವ ಎಬಿಎಸ್ ವ್ಯವಸ್ಥೆ ಅವಧಿಗೆ ಮೊದಲೇ ನಡುವೆ ಬಂದು ಒತ್ತಡವನ್ನು ಇಳಿಸುತ್ತದೆ. ಹಾಗೆಂದು ಹಿಂಡುವುದಕ್ಕೆ ಬಹಳ ಹೊತ್ತು ತೆಗೆದುಕೊಳ್ಳುವುದೂ ತಪ್ಪು. ಅರ್ಧ ಸೆಕೆಂಡ್‌ಗಿಂತ ಕಡಿಮೆ ಅವಧಿಯಲ್ಲಿ, ಒಂದೇ ಏರಿನಲ್ಲಿ, ಗರಿಷ್ಠಕ್ಕೆ ತಲುಪಬೇಕು. ಎಬಿಎಸ್ ಆಗಷ್ಟೇ ಪೆಡಲ್ಲಿನಡಿ ಮಿಡಿಯಲು ಶುರುವಾಗುವ ಹಂತದ ಕೂದಲೆಳೆಯಷ್ಟು ಹಿಂದೆ ಕಾಲನ್ನು ನಿಲ್ಲಿಸಲು ಕಲಿಯಿರಿ.

ಹೊಸಬರ ಗಮನವೆಲ್ಲ ಎಲ್ಲಿ ಒತ್ತಬೇಕು, ಎಷ್ಟು ತಡವಾಗಿ ಒತ್ತಬೇಕು ಎಂಬುದರ ಮೇಲಿರುತ್ತದೆ. ನನ್ನ ಅಭಿಪ್ರಾಯದಲ್ಲಿ ಬ್ರೇಕಿಂಗ್‌ನ ಜೀವಾಳವಿರುವುದು ಪೆಡಲ್ಲನ್ನು ಬಿಡುವುದರಲ್ಲಿ. ಟೈರ್‌ನ ಹಿಡಿತ ಒಂದೇ ಗಂಟಿನ ಹಣವಿದ್ದಂತೆ. ಪೂರ್ತಿ ಬ್ರೇಕ್‌ಗೇ ಖರ್ಚು ಮಾಡಿದರೆ ತಿರುಗಲು ಏನೂ ಉಳಿಯುವುದಿಲ್ಲ. ಆದ್ದರಿಂದ ಸ್ಟಿಯರಿಂಗ್ ಎಷ್ಟು ತಿರುಗುತ್ತದೆಯೋ ಅಷ್ಟೇ ಪ್ರಮಾಣದಲ್ಲಿ ಪೆಡಲ್ ಮೇಲೆ ಬರಬೇಕು. ನೇರ ಹಾದಿಯಲ್ಲಿ ಹೆಚ್ಚಿನ ವೇಗವನ್ನೆಲ್ಲ ಕಳೆದುಕೊಂಡು, ಕೊನೆಯ ಸ್ವಲ್ಪ ಒತ್ತಡವನ್ನು ತಿರುವಿನ ಒಳಅಂಚಿಗೆ ಕಾರು ಅತಿ ಹತ್ತಿರ ಬರುವ ಬಿಂದುವಾದ ಏಪೆಕ್ಸ್‌ನತ್ತ ಎಳೆಎಳೆಯಾಗಿ ಸಡಿಲಿಸುತ್ತ ಹೋಗುವ ಈ ಕ್ರಮಕ್ಕೆ ಟ್ರೈಲ್ ಬ್ರೇಕಿಂಗ್ ಎನ್ನುತ್ತಾರೆ. ಅದರಿಂದ ಮುಂದಿನ ಟೈರ್‌ಗಳ ಮೇಲೆ ಭಾರ ಉಳಿದು, ಕಾರಿನ ಮೂತಿ ಹೇಳಿದ ಕಡೆಗೆ ಹೊರಳುತ್ತದೆ. ಪೆಡಲ್ಲನ್ನು ಥಟ್ಟನೆ ಬಿಟ್ಟರೆ ಮೂತಿ ಮೇಲೆದ್ದು ಕಾರು ತಿರುವಿನಿಂದ ಹೊರಕ್ಕೆ ಜಾರುತ್ತದೆ; ಬಹಳ ಹೊತ್ತು ಗಟ್ಟಿಯಾಗಿ ಹಿಡಿದರೆ ಹಿಂಭಾಗ ಹಗುರವಾಗಿ ಗಿರ್ರನೆ ತಿರುಗಿಬಿಡುವ ಭಯವಿದೆ. ಪೋರ್ಷೆ 911ರಂತೆ ಎಂಜಿನ್ ಹಿಂದಿರುವ ಕಾರಿನಲ್ಲಿ ಹಿಂದಿನ ಚಕ್ರಗಳೂ ಬ್ರೇಕಿಂಗ್‌ನ ದೊಡ್ಡ ಪಾಲನ್ನು ಹೊರುತ್ತವೆ ಎಂಬುದು ಲಾಭ, ಆದರೆ ಆ ಭಾರವೇ ಒಮ್ಮೆ ಜಾರಲು ತೊಡಗಿದರೆ ತಡೆಯುವುದು ಕಷ್ಟ, ಹಾಗಾಗಿ ಅಲ್ಲಿ ಕಾಲು ಇನ್ನಷ್ಟು ಮೃದುವಾಗಿರಬೇಕು.

ಇದನ್ನು ಕಲಿಯುವುದಕ್ಕೆ ಮೊದಲ ಅವಧಿಯನ್ನು ಪೂರ್ತಿ ಮೀಸಲಿಡಿ. ವೇಗವನ್ನು ಎಂಟಾಣೆಗೆ ಇಳಿಸಿ, ಬ್ರೇಕ್ ಹಾಕುವ ಜಾಗವನ್ನು ಹಿಂದೆ ಸರಿಸಿ, ಬಿಡುವುದನ್ನಷ್ಟೇ ಗಮನಿಸಿ: ಪಕ್ಕದಲ್ಲಿ ಕೂತವರ ತಲೆ ಬ್ರೇಕ್ ಬಿಟ್ಟ ಕ್ಷಣದಲ್ಲಿ ಹಿಂದಕ್ಕೆ ಬಡಿಯದಿದ್ದರೆ ನೀವು ಸರಿಯಾಗಿ ಬಿಟ್ಟಿದ್ದೀರಿ. ಆಮೇಲೆ ತಿರುವಿನ ಮುಂಚೆ ನೆಟ್ಟಿರುವ ದೂರದ ಫಲಕಗಳಲ್ಲೊಂದನ್ನು ಗುರುತಾಗಿ ಆರಿಸಿಕೊಳ್ಳಿ. ನೆರಳು, ನಿಂತ ಕಾರು, ಓಡಾಡುವ ಸ್ವಯಂಸೇವಕರು ಗುರುತಾಗಲಾರರು. ಅದೇ ಜಾಗದಲ್ಲಿ ಮೂರು ಸುತ್ತು ಒಂದೇ ರೀತಿ ಬ್ರೇಕ್ ಹಾಕಿ ಏಪೆಕ್ಸ್ ಮುಟ್ಟಿದ ಮೇಲಷ್ಟೇ ಗುರುತನ್ನು ಮೂರು ನಾಲ್ಕು ಮೀಟರ್ ಮುಂದೆ ಸರಿಸಿ. ಗೇರ್ ಇಳಿಸುವ ಕೆಲಸ ಬ್ರೇಕಿಂಗ್‌ನ ಕೊನೆಯ ಭಾಗದಲ್ಲಿರಲಿ. ವೇಗ ಇಳಿಸುವುದು ಬ್ರೇಕ್‌ನ ಕೆಲಸ, ಎಂಜಿನ್ನಿನದಲ್ಲ.

ಕೊನೆಯ ಸುತ್ತನ್ನು ಬ್ರೇಕ್‌ಗೆ ಆದಷ್ಟು ಕೈ ಹಾಕದೆ, ದೊಡ್ಡ ಗೇರ್‌ನಲ್ಲಿ ನಿಧಾನವಾಗಿ ಓಡಿಸಿ, ಗಾಳಿಯೇ ಡಿಸ್ಕ್‌ಗಳನ್ನು ತಣಿಸಲಿ. ಪಿಟ್‌ಗೆ ಬಂದ ಮೇಲೆ ಹ್ಯಾಂಡ್‌ಬ್ರೇಕ್ ಎಳೆಯಬೇಡಿ, ಪೆಡಲ್ ಮೇಲೂ ಕಾಲಿಟ್ಟುಕೊಂಡು ಕೂರಬೇಡಿ. ಕಾದ ಪ್ಯಾಡ್ ಡಿಸ್ಕ್‌ಗೆ ಒತ್ತಿಕೊಂಡು ಒಂದೇ ಕಡೆ ಅಚ್ಚು ಮೂಡಿಸಿದರೆ ಮುಂದೆ ಪ್ರತಿ ಬ್ರೇಕಿಗೂ ಸ್ಟಿಯರಿಂಗ್ ನಡುಗುತ್ತದೆ. ಗೇರ್‌ನಲ್ಲಿಟ್ಟು ಚಕ್ರಕ್ಕೆ ಒಂದು ಇಟ್ಟಿಗೆ ಕೊಡಿ, ಎರಡು ಮೂರು ನಿಮಿಷ ಬಿಟ್ಟು ಕಾರನ್ನು ಒಂದಡಿ ಮುಂದಕ್ಕೆ ತಳ್ಳಿ, ಡಿಸ್ಕ್ ಆರಿದ ಮೇಲೆ ಟಾರ್ಚ್ ಹಿಡಿದು ನಾಲ್ಕೂ ಚಕ್ರಗಳ ಪ್ಯಾಡ್‌ನಲ್ಲಿ ಎಷ್ಟು ದಪ್ಪ ಉಳಿದಿದೆಯೆಂದು ನೋಡಿ. ಬೆಂಗಳೂರಿಗೆ ಹಿಂತಿರುಗುವ ಮುನ್ನೂರು ಚಿಲ್ಲರೆ ಕಿಲೋಮೀಟರ್‌ಗೂ ಅದೇ ಪ್ಯಾಡ್ ಬೇಕು.