ಹದಿನೈದು ಹೆಜ್ಜೆ ದೂರದಲ್ಲೇ ಸಿಕ್ಕ ಸೀಬಾಸ್

ದಡದಿಂದ ದೊಡ್ಡ ಸೀಬಾಸ್ (ಅಳಿವೆಯಲ್ಲೂ ಸಮುದ್ರದಲ್ಲೂ ಇರುವ ಬೇಟೆ ಮೀನು) ಸಿಗಲ್ಲ, ದೋಣಿ ಬೇಕೇ ಬೇಕು ಅಂತ ಜೊತೆಗಾರರೆಲ್ಲ ಹೇಳಿದ್ದರು. ಈ ಸಲದ 4 ದಿನದ ಪ್ರವಾಸದಲ್ಲಿ ಮೂರು ಹಿಡಿದೆ. ದೊಡ್ಡದು ಹೆಚ್ಚುಕಡಿಮೆ 7 ಕಿಲೋ. ಮೂರೂ ಅಳಿವೆಯ ಬಾಯಲ್ಲಿ, ನಾನು ನಿಂತ ಬಂಡೆಯಿಂದ ಹದಿನೈದು ಹೆಜ್ಜೆಯೊಳಗೇ ಸಿಕ್ಕವು.

ಇದಕ್ಕೆ ಎರಡು ವರ್ಷ ಹಿಡಿಯಿತು. ಮೊದಲ ವರ್ಷ ಪೂರ್ತಿ ದೂರ ಎಸೆಯುವ ಹುಚ್ಚು. 12 ಅಡಿ ಕೋಲು, ದೊಡ್ಡ ರೀಲು, ಭಾರದ ಸೀಸ. ಹನ್ನೊಂದೋ ಹನ್ನೆರಡೋ ಸಲ ಹೋಗಿ ಬರಿಗೈಲಿ ಬಂದೆ. ಬಂಡೆಗೆ ಸಿಕ್ಕಿ ಹೋದ ನಕಲಿ ಮೀನುಗಳ, ಅಂದರೆ ಲೂರ್‌ಗಳ ದುಡ್ಡು ಕೂಡಿಟ್ಟಿದ್ದರೆ ಇನ್ನೊಂದು ಒಳ್ಳೆ ರೀಲು ಬರುತ್ತಿತ್ತು. ಇದ್ದ ರೀಲನ್ನೂ ಉಪ್ಪು ತಿಂದಿತು. ರಭಸದ ನೀರಿನಲ್ಲಿ ತೊಳೆಯುತ್ತಿದ್ದೆ, ಉಪ್ಪು ಒಳಗೇ ನುಗ್ಗಿ ಬೇರಿಂಗ್ ಹಿಡಿದುಕೊಂಡಿತು. ಈಗ ಡ್ರ್ಯಾಗ್ (ಮೀನು ಎಳೆದಾಗ ರೀಲು ದಾರ ಬಿಡುವುದನ್ನು ಹಿಡಿತದಲ್ಲಿಡುವ ತಿರುಪು) ಬಿಗಿಮಾಡಿ, ಸಿಹಿನೀರು ಮೆಲ್ಲಗೆ ಸುರಿದು, ಬಟ್ಟೆಯಲ್ಲಿ ಒರೆಸುತ್ತೇನೆ, ಅಷ್ಟೇ.

ದಾರಿ ತೋರಿಸಿದ್ದು ಒಂದು ಸದ್ದು. ಒಂದು ಸಂಜೆ ಗಂಟು ಕಟ್ಟುತ್ತಾ ಕೂತಿದ್ದಾಗ ಕಾಲ ಬುಡದಲ್ಲೇ ‘ಡಬ್’ ಅಂತ ಕೇಳಿಸಿತು. ಮಲೆಟ್ ಅನ್ನೋ ಸಣ್ಣ ಮೀನಿನ ಮರಿಗಳು ಚೆಲ್ಲಾಪಿಲ್ಲಿಯಾಗಿ ಹಾರಿದವು. ಇಳಿತ ಆಗಷ್ಟೇ ಶುರುವಾಗಿತ್ತು. ಒಳಗಿನ ಕದಡಿದ ನೀರು ಹೊರಗೆ ಬರುತ್ತಿತ್ತು, ಸಮುದ್ರದ ತಿಳಿನೀರು ಅದರ ಪಕ್ಕದಲ್ಲೇ. ಎರಡರ ನಡುವೆ ಗೆರೆ ಎಳೆದ ಹಾಗೆ. ನೊರೆ, ಎಲೆ, ಕಡ್ಡಿ ಎಲ್ಲ ಆ ಗೆರೆ ಹಿಡಿದೇ ಸಾಗುತ್ತಿದ್ದವು. ಸೀಬಾಸ್ ಆ ಗೆರೆಯಲ್ಲೇ ಬೇಟೆಯಾಡುತ್ತಿತ್ತು, ನಾನು ಒಂದು ವರ್ಷ ಅದರ ತಲೆ ಮೇಲಿಂದ ಆಚೆಗೆ ಎಸೆದಿದ್ದೆ!

ಆಮೇಲೆ ಸೀಸ ಪೂರ್ತಿ ಬಿಟ್ಟೆ. ಜೀವಂತ ಮಲೆಟ್ ಮರಿ, ಸರ್ಕಲ್ ಗಾಳ (ಮೊನೆ ಒಳಕ್ಕೆ ಬಾಗಿದ ದುಂಡನೆ ಗಾಳ), 30 ಪೌಂಡ್ ಎಳೆತ ತಡೆಯುವ ಬ್ರೇಡ್ (ಹೆಣೆದ ದಾರ), ಅದರ ತುದಿಗೆ ಗಾಳ ಕಟ್ಟಲು 50 ಪೌಂಡ್ ಲೀಡರ್ (ದಪ್ಪ ದಾರದ ತುಂಡು). ಲೀಡರ್‌ನಲ್ಲಿ ಜಿಪುಣತನ ಬೇಡ. ಸೀಬಾಸ್ ಕಿವಿರಿನ ಮುಚ್ಚಳದ ಅಂಚು ಬ್ಲೇಡಿನಂತೆ. 30 ಪೌಂಡಿನ ಲೀಡರ್ ಎರಡು ಸಲ ಕತ್ತರಿಸಿ ಹೋಯಿತು. ಮರಿಯನ್ನು ಗೆರೆಯ ಮೇಲ್ಭಾಗಕ್ಕೆ ಇಳಿಸಿ ನೀರಿನ ಜೊತೆ ಹೋಗಲು ಬಿಡುತ್ತೇನೆ. ಗಾಳವನ್ನು ಮರಿಯ ಯಾವ ಜಾಗಕ್ಕೆ ಚುಚ್ಚುತ್ತೇನೆ ಅನ್ನೋದು ಸದ್ಯ ನನ್ನಲ್ಲೇ ಇರಲಿ. ಅದನ್ನು ಕಂಡುಕೊಳ್ಳೋಕೆ ಮೂರು ಪ್ರವಾಸ ಹೋಗಿದೆ.

ಜಾಸ್ತಿ ಮೀನು ತಪ್ಪಿಸಿದ್ದು ನನ್ನ ಕೈಯೇ. ಜೆ ಗಾಳಕ್ಕೆ (ಇಂಗ್ಲಿಷ್ J ಆಕಾರದ ಸಾದಾ ಗಾಳ) ಪಳಗಿದ ಕೈ, ಎಳೆತ ಬಿದ್ದ ಕೂಡಲೇ ಕೋಲು ಕಿತ್ತುಬಿಡುತ್ತಿತ್ತು. ಸರ್ಕಲ್ ಗಾಳ ಬಾಯಿಂದ ಜಾರಿ ಬರುತ್ತಿತ್ತು. ಹಾಗೆ ಐದು ಮೀನು ಹೋದವು. ಈಗ ಬೇಲ್ (ರೀಲಿನ ದಾರ ತಡೆಯುವ ತಂತಿ) ತೆಗೆದೇ ಇಟ್ಟಿರುತ್ತೇನೆ. ಮೀನು ದಾರ ಒಯ್ಯುವಾಗ ಐದು ಎಣಿಸಿ, ಬೇಲ್ ಮುಚ್ಚಿ, ಸುಮ್ನೆ ಸುತ್ತುತ್ತೇನೆ. ಗಾಳ ತಾನಾಗಿ ಬಾಯಿಯ ಮೂಲೆಗೆ ಕೂರುತ್ತದೆ.

ನಡುವೆ ಇನ್ನೊಂದು ಪ್ರಯೋಗ ಮಾಡಿದೆ. ಫ್ಲೋರೋಕಾರ್ಬನ್ (ನೀರಿನಲ್ಲಿ ಕಡಿಮೆ ಕಾಣುತ್ತದೆ ಅನ್ನೋ ದುಬಾರಿ ದಾರ) ಮತ್ತು ಸಾದಾ ಮೋನೋ (ಒಂಟಿ ಎಳೆಯ ನೈಲಾನ್ ದಾರ), ಒಂದೊಂದು ದಿನ ಒಂದೊಂದು ಲೀಡರ್. ಕದಡಿದ ನೀರಿನಲ್ಲಿ ನನಗೆ ಏನೂ ವ್ಯತ್ಯಾಸ ಕಾಣಲಿಲ್ಲ. ಮೋನೋಗೇ ಮರಳಿದೆ, ಆ ದುಡ್ಡು ಗಾಳಗಳಿಗೆ ಹೋಯಿತು.

ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತದೆ ಅಲ್ವಾ, 4 ದಿನ ಹೋದರೆ ಸಂಜೆ ಬೆಳಕಿನಲ್ಲಿ ಇಳಿತದ ಶುರು ಸಿಗುವುದು ಎರಡೋ ಮೂರೋ ದಿನ. ಹಾಗಾಗಿ ಉಬ್ಬರದ ಪಟ್ಟಿ ನೋಡಿ ರಜೆ ಹಾಕಿ. ಅಮಾವಾಸ್ಯೆ, ಹುಣ್ಣಿಮೆ ಕಳೆದ ಎರಡು ದಿನ ನೀರಿನ ಸೆಳೆತ ಜೋರು, ಗೆರೆಯೂ ಚೆನ್ನಾಗಿ ಕಾಣುತ್ತದೆ. ಇಳಿತದ ಮೊದಲ ಒಂದೂವರೆ ಗಂಟೆ ಕಳೆದ ಮೇಲೆ ನನಗೆ ಒಂದೂ ಸಿಕ್ಕಿಲ್ಲ.

7 ಕಿಲೋದ್ದನ್ನು ಬಿಟ್ಟೆ. ಸೀಬಾಸ್ ಗಂಡಾಗಿ ಬೆಳೆದು ಆಮೇಲೆ ಹೆಣ್ಣಾಗುವ ಮೀನು, ಅಷ್ಟು ದೊಡ್ಡವು ಹೆಚ್ಚಾಗಿ ಹೆಣ್ಣೇ. ಗಾಳದ ಹಿಮ್ಮುಳ್ಳನ್ನು ಮೊದಲೇ ಇಕ್ಕಳದಲ್ಲಿ ಒತ್ತಿ ಚಪ್ಪಟೆ ಮಾಡಿದ್ದರಿಂದ ಬಿಡಿಸೋಕೆ ಎರಡು ಸೆಕೆಂಡೂ ಬೇಕಾಗಲಿಲ್ಲ. ನೀರಿಂದ ಎತ್ತದೆ ಕೆಳದವಡೆ ಹಿಡಿದು ನಿಂತೆ. ಒಂದು ನಿಮಿಷವಾದ ಮೇಲೆ ಬಾಲ ಬಡಿದು, ನನ್ನ ಮುಖಕ್ಕೆ ನೀರು ಚಿಮ್ಮಿಸಿ, ಅದೇ ಗೆರೆಯತ್ತ ಹೋಯಿತು.