ಲಾ ಟ್ರಾವಿಯಾಟಾ ನೋಡುವ ಮುಂಚೆ ಈ ಕಾದಂಬರಿ ಓದಿ

'ಲಾ ಟ್ರಾವಿಯಾಟಾ' ಅಪೆರಾ, ಅಂದರೆ ಹಾಡಿನಲ್ಲೇ ನಡೆಯುವ ನಾಟಕ, ಹಾಕಿಕೊಂಡು ಹತ್ತೇ ನಿಮಿಷಕ್ಕೆ ಆಫ್ ಮಾಡಿದ್ರಾ? ನಾನೂ ಮಾಡಿದ್ದೆ. ಕಥೆಯ ಬುಡ ಗೊತ್ತಿಲ್ಲದೆ ಕೂತರೆ ಹಾಗೇ ಆಗುತ್ತದೆ.

ಮೊದಲು ಮೂಲ ಕಾದಂಬರಿ ಓದಿ. ಅಲೆಕ್ಸಾಂಡರ್ ಡ್ಯೂಮಾನ 'ಲಾ ದಾಮ್ ಓ ಕಾಮೇಲಿಯಾ', 1848ರದ್ದು. 'ತ್ರೀ ಮಸ್ಕಿಟಿಯರ್ಸ್' ಬರೆದವನಲ್ಲ, ಅವನ ಮಗ. ಅಪ್ಪ ಮಗ ಇಬ್ಬರಿಗೂ ಒಂದೇ ಹೆಸರು, ಹುಡುಕಿದರೆ ಅಪ್ಪನ ಪುಸ್ತಕಗಳೇ ಜಾಸ್ತಿ ಬರುತ್ತವೆ. ಇಂಗ್ಲಿಷ್ ಅನುವಾದಕ್ಕೆ 'ಕಮೀಲ್' ಅಂತಲೂ ಹುಡುಕಿ ನೋಡಿ. ಪುಸ್ತಕ ಶುರುವಾಗುವ ಹೊತ್ತಿಗೇ ನಾಯಕಿ, ಪ್ಯಾರಿಸ್ಸಿನ ವೇಶ್ಯೆ ಮಾರ್ಗರೀತ್ ಸತ್ತಿದ್ದಾಳೆ, ಸಾಲ ತೀರಿಸಲು ಅವಳ ಮನೆ ಸಾಮಾನು ಹರಾಜಾಗುತ್ತಿದೆ.

ಓದುವಾಗ ಎರಡು ಕಡೆ ಪೆನ್ಸಿಲ್ ಗುರುತು ಹಾಕಿಕೊಳ್ಳಿ. ಒಂದು, ಪ್ರೇಮಿ ಅರ್ಮಾನ್‌ನ ಅಪ್ಪ ಅವಳ ಹತ್ತಿರ ಬಂದು, ನೀನು ಇವನನ್ನು ಬಿಡದಿದ್ದರೆ ನನ್ನ ಮಗಳ ಸಂಬಂಧ ತಪ್ಪಿಹೋಗುತ್ತದೆ ಅನ್ನುವುದು. (ಈ ಮಾತನ್ನು ನಮ್ಮವರಿಗೆ ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ?) ಇನ್ನೊಂದು, ಸಾಯುವಾಗ ಅವಳ ಪಕ್ಕದಲ್ಲಿ ಯಾರಿದ್ದರು. ಕಾದಂಬರಿಯಲ್ಲಿ ಅಪ್ಪ ಬಂದದ್ದು ನಮಗೂ ತಡವಾಗಿ, ಅವಳು ಬರೆದಿಟ್ಟದ್ದರಿಂದಲೇ ಗೊತ್ತಾಗುತ್ತದೆ. ಅಷ್ಟರಲ್ಲಿ ಅರ್ಮಾನ್ ತನ್ನನ್ನು ಬಿಟ್ಟುಹೋದಳೆಂಬ ಸಿಟ್ಟಿನಲ್ಲಿ ಅವಳನ್ನು ಚೆನ್ನಾಗಿ ಗೋಳು ಹೊಯ್ದುಕೊಂಡು ದೂರ ಹೋಗಿರುತ್ತಾನೆ, ಅವಳು ಸಾಯುವಾಗ ಇರುವುದೇ ಇಲ್ಲ. 1852ರಲ್ಲಿ ಅದೇ ಡ್ಯೂಮಾ ಇದನ್ನು ರಂಗಕ್ಕೆ ತಂದಾಗ ಅರ್ಮಾನ್‌ನನ್ನು ಕೊನೆ ಗಳಿಗೆಗೆ ಕರೆಸಿಬಿಟ್ಟ. ನನಗೆ ಕಾದಂಬರಿಯೇ ಹೆಚ್ಚು ನಿಜ ಅನಿಸುತ್ತದೆ.

ಈಗ ಅಪೆರಾ. ಇಟಲಿಯ ಸಂಗೀತಕಾರ ವರ್ಡಿ ಇದನ್ನು 1853ರಲ್ಲಿ ವೆನಿಸ್‌ನಲ್ಲಿ ಆಡಿಸಿದ, ಮೊದಲ ರಾತ್ರಿ ನೆಲಕಚ್ಚಿತು. ಇಲ್ಲಿ ಅವಳು ವಯೊಲೆಟ್ಟಾ, ಅವನು ಆಲ್ಫ್ರೆಡೊ. ಸಬ್‌ಟೈಟಲ್ ಹಾಕಿಕೊಂಡು ಮೊದಲು ಎರಡನೇ ಅಂಕದ ಅಪ್ಪನ ದೃಶ್ಯವೊಂದನ್ನೇ ನೋಡಿ. ಪುಸ್ತಕ ಬಚ್ಚಿಟ್ಟದ್ದು ಇಲ್ಲಿ ಕಣ್ಣೆದುರೇ ನಡೆಯುತ್ತದೆ, ಗೊತ್ತಿಲ್ಲದವನು ಆಲ್ಫ್ರೆಡೊ ಒಬ್ಬನೇ. ಆಮೇಲೆ ಮೊದಲಿನಿಂದ ಹಾಕಿ. ಶುರುವಿನ ತೆಳ್ಳಗಿನ ವಯಲಿನ್ ಗಮನಿಸಿ, ಮೂರನೇ ಅಂಕದಲ್ಲಿ ಅವಳು ಹಾಸಿಗೆ ಹಿಡಿದಾಗ ಅದೇ ಮತ್ತೆ ಬರುತ್ತದೆ. ಹರಾಜಿನಿಂದ ಕಥೆ ಶುರು ಮಾಡಿದ ಹಾಗೇ ಇದು.

ಸಿನಿಮಾ ಬೇಕಾದರೆ 1936ರ 'ಕಮೀಲ್' ಸಾಕು. ನಾಯಕಿಯಾಗಿರುವ ನಟಿ ಗ್ರೆಟಾ ಗಾರ್ಬೊಗಾಗಿ ನೋಡಿ, ಉಳಿದದ್ದು ಸ್ವಲ್ಪ ಸಕ್ಕರೆ ಜಾಸ್ತಿ.

ಪ್ಯಾರಿಸ್‌ಗೆ ಹೋಗುವವರಿದ್ದರೆ ಮಾಂಟ್‌ಮಾರ್ತ್ ಸ್ಮಶಾನ ನೋಡಿ ಬನ್ನಿ. ಮಾರ್ಗರೀತ್‌ಗೆ ಮೂಲವಾದ ಹುಡುಗಿ 1847ರಲ್ಲಿ, 23ನೇ ವಯಸ್ಸಿಗೆ ಕ್ಷಯದಿಂದ ಸತ್ತಳು. ಊರಿಗೆಲ್ಲ ಅವಳು ಮಾರಿ ಡ್ಯೂಪ್ಲೆಸಿ, ಆದರೆ ಕಲ್ಲಿನ ಮೇಲೆ ಆ ಹೆಸರು ಹುಡುಕಬೇಡಿ. ಅಲ್ಲಿ ಕೆತ್ತಿರುವುದು ಹುಟ್ಟಿದಾಗಿನ ಹೆಸರು, ಅಲ್ಫೋನ್ಸಿನ್ ಪ್ಲೆಸಿ. ಮಗ ಡ್ಯೂಮಾನೂ ಅದೇ ಸ್ಮಶಾನದಲ್ಲಿದ್ದಾನೆ.