ಮಂಡಿಗೆ ಜೆಲ್ ಇಂಜೆಕ್ಷನ್: ನನ್ನ ಅನುಭವ

ಸವೆದ ಮಂಡಿಯ ನೋವಿಗೆ ಕೀಲಿನೊಳಗೆ ಹಾಕುವ ಜೆಲ್ ಹಯಲುರಾನಿಕ್ ಆಸಿಡ್. ಅದರ ಹೆಸರೆತ್ತಿದರೆ ನಮ್ಮ ಮೂಳೆ ಡಾಕ್ಟರುಗಳಲ್ಲಿ ಹಲವರು ಇವತ್ತಿಗೂ ಮುಖ ತಿರುಗಿಸುತ್ತಾರೆ. "ದುಬಾರಿ ಉಪ್ಪುನೀರು ಕಣಯ್ಯ, ಸುಮ್ನೆ ದುಡ್ಡು ದಂಡ" ಅಂತ ಸೀನಿಯರ್ ಒಬ್ಬರು ಮುಖಕ್ಕೇ ಹೇಳಿದ್ದರು. ಅಮೆರಿಕದ ಮೂಳೆ ಸರ್ಜನ್‌ಗಳ ಅಕಾಡೆಮಿ 2013ರಲ್ಲಿ ಬೇಡವೇ ಬೇಡ ಅಂದಿತ್ತು. 2021ರಲ್ಲಿ ಅದೇ ಅಕಾಡೆಮಿ 'ಮಾಮೂಲಿಯಾಗಿ ಬಳಸಬೇಡಿ' ಅನ್ನುವಷ್ಟಕ್ಕೆ ಇಳಿಯಿತು. ಅಷ್ಟನ್ನು ನಾನೂ ಒಪ್ಪುತ್ತೇನೆ. ಸಿಕ್ಕ ಮಂಡಿಗೆಲ್ಲ ಹಾಕುವ ಔಷಧಿ ಇದಲ್ಲ.

ನನ್ನ ಹತ್ತಿರ ಬರುವವರು ಅಡಿಕೆ ಸುಲಿಯುವ ಹೆಂಗಸರು, ನಾಟಿ ಮಾಡುವವರು, ಅಡುಗೆ ಭಟ್ಟರು. ಬಹಳ ಜನಕ್ಕೆ ಶುಗರ್ ಇದೆ. ಸ್ಟೆರಾಯ್ಡ್ ಹಾಕಿದರೆ ಕೆಲವು ದಿನ ಶುಗರ್ ಏರುತ್ತದೆ. ನೋವಿನ ಮಾತ್ರೆ ತಿಂಗಳುಗಟ್ಟಲೆ ಕೊಟ್ಟರೆ ಕಿಡ್ನಿ ಭಯ. ಐವತ್ತೈದು ವರ್ಷಕ್ಕೇ ಮಂಡಿ ಬದಲಾಯಿಸು ಅನ್ನೋಕೂ ಆಗಲ್ಲ, ಅಲ್ವಾ? ಹಾಗಾಗಿ ಜೆಲ್ ಬಿಡಲಿಲ್ಲ.

ಮೊದಮೊದಲು ಹೊರದೇಶದ ಒಂದೇ ಡೋಸಿನ ಸಿರಿಂಜು, 6 ಎಂ.ಎಲ್. ಆಗ ರೋಗಿಗೆ ಹೆಚ್ಚುಕಡಿಮೆ ಇಪ್ಪತ್ತು ಸಾವಿರ ಬೀಳುತ್ತಿತ್ತು. ಸವೆತದ ಕೊನೆಯ ಹಂತವಾದ ನಾಲ್ಕನೇ ಗ್ರೇಡಿನ ಮಂಡಿಯವರು ತಿಂಗಳೊಳಗೆ ವಾಪಸ್. "ಒಂದು ಹಸು ಮಾರಿ ತಂದಿದ್ದೆ ಡಾಕ್ಟ್ರೇ" ಅಂದ ಅಜ್ಜಿಯ ಮಾತು ಇನ್ನೂ ಕಿವಿಯಲ್ಲಿದೆ. ಎಲುಬಿಗೆ ಎಲುಬು ತಾಗಿದ ಮೇಲೆ ಜೆಲ್ ನಿಲ್ಲಲ್ಲ. ಆದರೆ ಎರಡು, ಮೂರನೇ ಗ್ರೇಡಿನವರಲ್ಲೂ ಒಬ್ಬರಿಗೆ ಹಿಡಿಯಿತು, ಇನ್ನೊಬ್ಬರಿಗೆ ಇಲ್ಲ. ಯಾಕೆ ಅಂತ ಅಲ್ಟ್ರಾಸೌಂಡ್ ಇಟ್ಟು ನೋಡಿದ ಮೇಲೆ ಗೊತ್ತಾಯಿತು. ಮಂಡಿ ಮಡಿಸಿ ಮುಂದಿನಿಂದ ಚುಚ್ಚಿದಾಗ ಔಷಧಿ ಎಷ್ಟೋ ಸಲ ಕೀಲಿಗೆ ಹೋಗದೆ ಅದರ ಮುಂಭಾಗದ ಕೊಬ್ಬಿನಲ್ಲೇ ಉಳಿಯುತ್ತಿತ್ತು.

ಸೆಕೆಂಡ್ ಹ್ಯಾಂಡ್ ಅಲ್ಟ್ರಾಸೌಂಡ್ ಮಷಿನ್ನಿಗೆ ನಾಲ್ಕು ಲಕ್ಷದ ಆಸುಪಾಸು ಹೋಯಿತು. ನೋಡುವುದು ಮಂಡಿಯಾದರೂ ಲಿಂಗಪತ್ತೆ ತಡೆ ಕಾಯ್ದೆಯಡಿ ನೋಂದಣಿ ಆಗಲೇಬೇಕು. ಅದಕ್ಕೆ ಓಡಾಡಿದ್ದು ಬೇರೆ.

ಈಗ ಕಾಲು ನೀಡಿಸಿ, ಚಿಪ್ಪಿನ ಮೇಲ್ತುದಿಯ ಹೊರಬದಿಯಿಂದ ಹೋಗುತ್ತೇನೆ. ಮೊದಲು ಒಳಗಿನ ನೀರು ಪೂರ್ತಿ ತೆಗೆಯಬೇಕು. ಒಳ್ಳೆಯ ಕೀಲಿನ ನೀರು ಸೂಜಿ ತುದಿಯಿಂದ ಎಳೆ ಎಳೆಯಾಗಿ ಇಳಿಯುತ್ತದೆ. ಸವೆದ ಮಂಡಿಯದು ತೊಟ ತೊಟ ಬೀಳುತ್ತದೆ. ಸೂಜಿ ಅಲ್ಲೇ ಬಿಟ್ಟು ಸಿರಿಂಜು ಮಾತ್ರ ಬದಲಿಸಿ ಜೆಲ್ ಹಾಕುತ್ತೇನೆ. ಚರ್ಮಕ್ಕೆ ಸೆಟ್ರಿಮೈಡ್ ಅನ್ನುವ ಕ್ರಿಮಿನಾಶಕ ಇರುವ ದ್ರಾವಣ ಮುಟ್ಟಿಸಬೇಡಿ, ಅದು ತಗುಲಿದರೆ ಜೆಲ್ ಗರಣೆಗಟ್ಟುತ್ತದೆ. ಅಯೋಡಿನ್ ಸಾಕು. ಎಡಗೈಯಲ್ಲಿ ಚಿಪ್ಪನ್ನು ಸರಿಸಿ ಹಿಡಿಯುವ ನನ್ನದೇ ಒಂದು ರೀತಿ ಇದೆ. ಅದನ್ನು ಬರೆದು ತಿಳಿಸೋಕಾಗಲ್ಲ, ಬಂದು ನೋಡಿ.

ಈಗ ಬಳಸುವುದು ಬ್ಯಾಕ್ಟೀರಿಯಾದಿಂದ ಹುಳಿಸಿ ತೆಗೆದ ಜೆಲ್, 2 ಎಂ.ಎಲ್.ನಂತೆ ವಾರಕ್ಕೊಂದು, ಮೂರು ಸಲ. ಎಲ್ಲ ಸೇರಿ ಏಳೆಂಟು ಸಾವಿರ. ಜೊತೆಗೆ ತೊಡೆಯ ವ್ಯಾಯಾಮ ಕಡ್ಡಾಯ. ಅಂದಾಜಿಗೆ ಹತ್ತರಲ್ಲಿ ಆರೇಳು ಜನ ಆರು ತಿಂಗಳು ಚೆನ್ನಾಗಿ ಓಡಾಡುತ್ತಾರೆ. ದಂಡ ಅಂದಿದ್ದ ಸೀನಿಯರ್ ಹೋದ ವರ್ಷ ತಮ್ಮ ಅಕ್ಕನನ್ನೇ ಕಳಿಸಿದರು!

ಕೋಳಿ ಜುಟ್ಟಿನಿಂದ ತೆಗೆದ ಜೆಲ್ ಕೂಡ ಇದೆ. ಮೊಟ್ಟೆ, ಪುಕ್ಕದ ಅಲರ್ಜಿ ಇದ್ದವರಿಗೆ ಅದು ಬೇಡ. ಅಂಥದ್ದೇ ಕ್ರಾಸ್‌ಲಿಂಕ್ ಆದ (ಎಳೆಗಳನ್ನು ಒಂದಕ್ಕೊಂದು ಹೆಣೆದ) ಜೆಲ್ ಎರಡನೇ ಸಲ ಹಾಕಿಸಿಕೊಂಡ ಒಬ್ಬರಿಗೆ ಮರುದಿನವೇ ಮಂಡಿ ತೆಂಗಿನಕಾಯಿಯಷ್ಟು ಊದಿತು. ನಲವತ್ತು ಎಂ.ಎಲ್. ಹತ್ತಿರ ನೀರು ತೆಗೆದು ಸೋಂಕು ಇದೆಯಾ ಅಂತ ಕಲ್ಚರ್ ಪರೀಕ್ಷೆಗೆ ಕಳಿಸಿದೆ. ಏನೂ ಬೆಳೆಯಲಿಲ್ಲ, ಊತ ತರುವ ಹರಳೂ ಇರಲಿಲ್ಲ. ಐಸು, ವಿಶ್ರಾಂತಿಯಲ್ಲೇ ಇಳಿಯಿತು. ಆದರೂ ರಿಪೋರ್ಟ್ ಬರುವ ತನಕ ಅದನ್ನು ಸೋಂಕು ಅಂತಲೇ ನೋಡಿ. ಬರೀ ಜೆಲ್ ಊತ ಅಂತ ಕೂತರೆ ಕೀಲೇ ಹೋದೀತು.

ಹೆಬ್ಬೆರಳ ಬುಡದ ಕೀಲಿಗೂ ಸ್ವಲ್ಪ ಹಾಕಿ ನೋಡಿದ್ದೇನೆ. ಒಬ್ಬ ಟೈಲರ್ ಮತ್ತೆ ಕತ್ತರಿ ಹಿಡಿದರು, ಉಳಿದವರಿಗೆ ಅಷ್ಟಕ್ಕಷ್ಟೆ. ಇದರದೇ ಕ್ಯಾಪ್ಸೂಲು ಬರೆದು ನೋಡಿ ಕೈಬಿಟ್ಟೆ. ಅಂದ ಹಾಗೆ, 1970ರಲ್ಲೇ ರೇಸ್ ಕುದುರೆಗಳ ಕೀಲಿಗೆ ಇದನ್ನು ಹಾಕಿ ವರದಿ ಬರೆದಿದ್ದರು. ಪಶುವೈದ್ಯರು ನಮಗಿಂತ ಬಹಳ ಮುಂದಿದ್ದರು.

ಇಂಜೆಕ್ಷನ್ ಆದ ಮೇಲೆ ಎರಡು ದಿನ ಗದ್ದೆ, ಮೆಟ್ಟಿಲು, ಚಕ್ಕಲಮಕ್ಕಲ ಯಾವುದೂ ಬೇಡ. ಮಂಡಿ ಬದಲಾವಣೆಗೆ ದಿನ ಗೊತ್ತಾಗಿದ್ದರೆ ಅದಕ್ಕೆ ಮೂರು ತಿಂಗಳ ಮುಂಚಿನಿಂದಲೇ ಆ ಕೀಲಿಗೆ ನಾನು ಸೂಜಿ ಮುಟ್ಟಿಸುವುದಿಲ್ಲ.